ಹೆಳವರ ಪುಸ್ತಕದೊಳಗಿನ ಟ್ರ್ಯಾಕ್ಟರ್

ಹಳೇ ಟ್ರ್ಯಾಕ್ಟರ್ ಕೊಳ್ಳುವವರಿಗೆ ನಾನು ಪುಕ್ಕಟೆ ಕೊಡುವ ಸಲಹೆ ಇದು: ಬೆಳಿಗ್ಗೆ ಬೇಗ ಹೋಗಿ. ಹೋದವರೇ ಬಾನೆಟ್ ಮೇಲೆ ಕೈಯಿಡಿ. ತಣ್ಣಗಿದ್ದರೆ ಮುಂದಿನ ಮಾತು. ಬೆಚ್ಚಗಿದ್ದರೆ ಕೊಟ್ಟ ಚಹಾ ಕುಡಿದು ಎದ್ದು ಬನ್ನಿ. ಏನನ್ನೋ ಮುಚ್ಚಿಡಲಿಕ್ಕೇ ಆ ಮನುಷ್ಯ ನಿಮಗಿಂತ ಮೊದಲು ಎದ್ದು ಎಂಜಿನ್ ಕಾಯಿಸಿದ್ದಾನೆ. ಆಮೇಲೆ ಆರ್‌ಸಿ ಪುಸ್ತಕ ತೆಗೆಸಿ. ಹಿಂದಿನ ಮಾಲೀಕರು ಯಾರೆಂದು ಓದಿ ಸುಮ್ಮನಾಗಬೇಡಿ, ಅವರ ಊರಿಗೆ ಹೋಗಿ ವಿಚಾರಿಸಿ.

ಶಹಾಪುರದಲ್ಲಿ ಸುರಪುರ ರಸ್ತೆಗೆ ನನ್ನ ಯಾರ್ಡು ಇದೆ. ಇಪ್ಪತ್ತೇಳು ವರ್ಷದಿಂದ ಹಳೇ ಟ್ರ್ಯಾಕ್ಟರ್ ಕೊಳ್ಳುತ್ತೇನೆ, ಮಾರುತ್ತೇನೆ. ಟ್ರ್ಯಾಕ್ಟರ್ ನೋಡಲು ಬಂದವರು ಬೋರ್‌ವೆಲ್ ಎಲ್ಲಿ ಹೊಡೆಸಬೇಕು, ಮಗನನ್ನು ಯಾವ ಕಾಲೇಜಿಗೆ ಹಾಕಬೇಕು ಎಂದೂ ಕೇಳಿಕೊಂಡು ಹೋಗುತ್ತಾರೆ. ಕೇಳದಿದ್ದವರಿಗೂ ನಾನು ಹೇಳಿ ಕಳಿಸುತ್ತೇನೆ. ಮಾತಿನ ನಡುವೆ ಒಂದು ವಾಕ್ಯ ತಪ್ಪದೆ ಬರುತ್ತದೆ: ನಾನು ಯಾರ ಕೈಯೂ ಹಿಡಿಯದೆ ಮೇಲೆ ಬಂದವನು.

ಈ ವಾಕ್ಯ ಸುಳ್ಳೆಂದು ಬರೆದಿಟ್ಟುಕೊಂಡವರು ಒಬ್ಬರೇ ಇದ್ದರು. ಅವರು ನಮ್ಮ ಮನೆತನದ ಹೆಳವರು. ಅವರು ತೀರಿಕೊಂಡ ಸುದ್ದಿಯನ್ನು ಈ ಸುಗ್ಗಿಯಲ್ಲಿ ಅವರ ಮಗ ತಂದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೆಳವರೆಂದರೆ ಮನೆತನಗಳ ಹೆಸರು ಬರೆದಿಟ್ಟುಕೊಂಡು ಊರೂರು ತಿರುಗುವವರು. ನಮ್ಮವರು ಮೂರು ವರ್ಷಕ್ಕೊಮ್ಮೆ, ಜೋಳದ ರಾಶಿ ಮುಗಿದ ಮೇಲೆ, ಹೊಳೆ ದಾಟಿ ಬರುತ್ತಿದ್ದರು. ಅಂಗಳದಲ್ಲಿ ಕೂತು ಅಪ್ಪ, ಮುತ್ಯಾ, ಮುತ್ಯಾನ ಅಪ್ಪ ಎಂದು ಏಳು ತಲೆಯವರೆಗೆ ಓದುತ್ತಿದ್ದರು. ಹೊಸದಾಗಿ ಹುಟ್ಟಿದವರನ್ನು ಸೇರಿಸುತ್ತಿದ್ದರು, ಸತ್ತವರ ಮುಂದೆ ಅರಿಶಿನದ ಬೊಟ್ಟಿಡುತ್ತಿದ್ದರು. ಕಾಳು, ಬಟ್ಟೆ ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು. ಅವರ ಮೂಲಪುರುಷನಿಗೆ ಕಾಲಿರಲಿಲ್ಲವಂತೆ, ಎತ್ತಿನ ಮೇಲೆ ಕೂತೇ ಹೆಸರು ಹೇಳುತ್ತಿದ್ದನಂತೆ. ಆ ಮರ್ಯಾದೆಗೆ ನಮ್ಮ ಹೆಳವರು ಪುಸ್ತಕ ಬಿಚ್ಚುವ ಮೊದಲು ಬಲಗಾಲು ಮಡಿಚಿ ಅಡಿಗೆ ಹಾಕಿಕೊಳ್ಳುತ್ತಿದ್ದರು. ಕಂಬಳಿಯಾದರೂ ಅಷ್ಟೆ, ಪ್ಲಾಸ್ಟಿಕ್ ಕುರ್ಚಿಯಾದರೂ ಅಷ್ಟೆ. ಕಾಲು ಮಡಿಚಿದರೆಂದರೆ ಇನ್ನು ಹರಟೆ ಮುಗಿಯಿತು ಎಂದು ಅರ್ಥ.

ಅವರ ಹೆಸರೇನೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಮ್ಮೆಲ್ಲರ ಹೆಸರು ಗೊತ್ತಿದ್ದವರನ್ನು ನಾವು 'ಹೆಳವರ' ಎಂದೇ ಕರೆದೆವು. ಈ ಸಲ ಮಗನನ್ನು ಕೇಳಿ ತಿಳಿದುಕೊಂಡೆ. ಆದರೆ ಇಲ್ಲಿ ಬರೆಯುವುದಿಲ್ಲ. ತಮ್ಮ ಪುಸ್ತಕದಲ್ಲೇ ಅವರು ತಮ್ಮ ಹೆಸರನ್ನು ಎಲ್ಲೂ ಬರೆದುಕೊಂಡಿರಲಿಲ್ಲ.

ತೆಳ್ಳಗಿನ ಆಳು. ರುಮಾಲು ಯಾವಾಗಲೂ ಒಂದು ಕಡೆಗೆ ಜಾರಿರುತ್ತಿತ್ತು. ಓದುವಾಗ ಉಸಿರು ತೆಗೆದುಕೊಳ್ಳುವುದು ಕಾಣುತ್ತಿರಲಿಲ್ಲ. ನಡುವೆ ಯಾರಾದರೂ ಮಾತಾಡಿದರೆ ಪುಟದೊಳಗೆ ಬೆರಳಿಟ್ಟು ಪುಸ್ತಕ ಮುಚ್ಚಿ, ಅವರು ಮುಗಿಸುವವರೆಗೆ ಕಾಯುತ್ತಿದ್ದರು. ಬೆರಳು ಮಾತ್ರ ತೆಗೆಯುತ್ತಿರಲಿಲ್ಲ. ಒಮ್ಮೆ ನಮ್ಮ ಮುತ್ಯಾನ ಹೆಸರಿಗೆ 'ಗೌಡ' ಎಂದು ಸೇರಿಸಿ ಓದಿರಿ, ಯಾರ್ಡಿಗೆ ಬರುವ ಗಿರಾಕಿಗಳ ಮುಂದೆ ತೂಕ ಬರುತ್ತದೆ ಎಂದಿದ್ದೆ. ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ.

"ಸಾವ್ಕಾರ್ರ, ನಾ ಹೇಳಂವ ಅಲ್ರಿ, ಓದಂವ. ಹೇಳಂವ ಹೆಚ್ಚುಕಮ್ಮಿ ಹೇಳ್ತಾನ."

ವ್ಯಾಪಾರದಲ್ಲಿ ನನ್ನನ್ನು ಸೋಲಿಸಿದವರ ಪಟ್ಟಿ ಸಣ್ಣದು, ಅದರಲ್ಲಿ ಮೊದಲು ಬರುವವರು ಅವರೇ. ಅವರ ಸವಾರಿಯ ಎತ್ತು ಸತ್ತ ವರ್ಷ ಅವರಿಗೊಂದು ಹಳೇ ಮೋಟಾರ್ ಸೈಕಲ್ ಬೇಕಾಯಿತು. ನನ್ನಲ್ಲಿ ಒಂದಿತ್ತು. ನಾನು ಬೆಲೆ ಹೇಳಿದೆ. ಅವರು ಎದುರು ಬೆಲೆ ಹೇಳಬೇಕಲ್ಲ, ಹೇಳಲಿಲ್ಲ. ಟಾಯರಿನ ಮೇಲೆ ಕೂತು ಬಲಗಾಲು ಮಡಿಚಿ ನಮ್ಮ ವಂಶ ಓದತೊಡಗಿದರು. ಮುತ್ಯಾನ ಹೆಸರಿಗೆ ಬಂದಾಗ ನಿಲ್ಲಿಸಿ, "ಇವರು ಹೆಳವಗ ಎತ್ತು ಮಾರಿದ್ದಿಲ್ರಿ, ಕೊಟ್ಟಿದ್ರು" ಎಂದರು. ಮುಂದಿನ ಹೆಸರಿಗೆ ಹೋದರು. ನಾನು ಇಳಿಸಿದೆ. ಮುತ್ಯಾನ ಅಪ್ಪನ ಹೆಸರಿಗೆ ಮತ್ತೆ ನಿಲ್ಲಿಸಿದರು. ಏಳನೇ ತಲೆಗೆ ಬರುವ ಹೊತ್ತಿಗೆ ಗಾಡಿ ಅವರದಾಗಿತ್ತು, ಟ್ಯಾಂಕಿನಲ್ಲಿ ಪೆಟ್ರೋಲು ನನ್ನದಾಗಿತ್ತು. ಎತ್ತಿನ ಕೊರಳಿನ ಗಂಟೆಯನ್ನು ಹ್ಯಾಂಡಲಿಗೆ ಕಟ್ಟಿಕೊಂಡು ಹೋದರು. ಅಂದಿನಿಂದ ಅವರು ಬರುವುದು ರಸ್ತೆಯ ತಗ್ಗಿಗೊಮ್ಮೆ ಗಂಟೆ ಬಡಿದು ತಿಳಿಯುತ್ತಿತ್ತು.

ಅವರ ಪುಸ್ತಕದಲ್ಲಿ ಮೊದಲು ಗಂಡಸರೇ ಇದ್ದರು. ಇಂಥವನ ಮಗ ಇಂಥವನು, ಬೆಡಗು ಇಂಥದ್ದು. ಬೆಡಗು ಎಂದರೆ ಕುಲದ ಹೆಸರು, ತಂದೆಯ ಕಡೆಯಿಂದ ಬರುತ್ತದೆ. ಒಂದೇ ಬೆಡಗಿನವರು ಅಣ್ಣತಂಗಿ, ಬೇರೆಯಾದರೆ ಬೀಗರು. ನಮ್ಮಲ್ಲಿ ಲಗ್ನದ ಲೆಕ್ಕ ಇಷ್ಟೇ. ಸುರಪುರದ ಕಡೆ ಒಂದು ಹಳ್ಳಿಯಲ್ಲಿ ಹೀಗೆ ಓದಿ ಎದ್ದಾಗ ಒಬ್ಬ ಮುದುಕಿ ಅವರ ಗಾಡಿ ಅಡ್ಡಗಟ್ಟಿದಳಂತೆ. "ಏಳು ಹಡದೀನಿ, ಮೂರು ಮಣ್ಣಿಗಿಟ್ಟೀನಿ. ನಿನ್ನ ಪುಸ್ತಕದಾಗ ನಾ ಎಲ್ಲಿದೀನೋ ಯಪ್ಪಾ?" ಎಂದು ಕೇಳಿದಳಂತೆ. ಅವರಿಗೆ ತೋರಿಸಲು ಏನೂ ಇರಲಿಲ್ಲ. ಅಂದಿನಿಂದ ಮನೆಮನೆಯ ಮುದುಕಿಯರನ್ನು ಕೇಳಿ ಹೆಣ್ಣುಮಕ್ಕಳ ಹೆಸರೂ ಬರೆಯಲು ಶುರುಮಾಡಿದರು. ಸಾಲಿನಲ್ಲಿ ಜಾಗವಿಲ್ಲದ್ದಕ್ಕೆ ಪುಟದ ಬದಿಯಲ್ಲಿ, ಕೆಳಗಿನಿಂದ ಮೇಲಕ್ಕೆ, ಅಡ್ಡಡ್ಡವಾಗಿ. ನಾನು ನೋಡಿ, ಇದರಿಂದ ನಿಮಗೇನು ಗಿಟ್ಟುತ್ತದೆ, ಹೆಂಗಸರು ಕಾಳು ಹೆಚ್ಚು ಕೊಡುತ್ತಾರೇನು ಎಂದು ಕೇಳಿದ್ದೆ. "ಬದಿ ಖಾಲಿನ ಇತ್ತಲ್ರಿ" ಎಂದಿದ್ದರು.

ಇನ್ನು ನನ್ನ ಲಗ್ನದ ವಿಷಯ. ಇದನ್ನು ಹೇಳದೆ ಮುಂದಕ್ಕೆ ಹೋದರೆ ನಾನೂ ಕಾಯಿಸಿದ ಎಂಜಿನ್ ತೋರಿಸಿದಂತೆ.

ಆಗ ನಾನು ಸುರಪುರದಲ್ಲಿ ಅಕ್ಕನ ಮನೆಯಲ್ಲಿ ಉಂಡು, ಅಲ್ಲಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ವಡಗೇರಾ ಕಡೆಯ ಸೋದರಮಾವನ ಮಗಳನ್ನು ನನಗೆ ಕೊಡುವುದೆಂದು ಅವ್ವ ಎಂದೋ ಆಡಿಬಿಟ್ಟಿದ್ದಳು. ಹೆಣ್ಣು ನೋಡುವ ಶಾಸ್ತ್ರ ಬೆಳಿಗ್ಗೆ ಮುಗಿಯಬೇಕಿತ್ತು, ಬಸ್ಸು ಕೈಕೊಟ್ಟು ನಾವು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಹುಡುಗಿಯ ಅಣ್ಣ ಚಹಾ ತಂದ. ಪಡಸಾಲೆಯ ಹೊಸ್ತಿಲನ್ನು ಕಾಲಿನಿಂದ ತಡವಿ ದಾಟಿದ. ಬಸಿಗೆ ಹಾಕಬೇಕಾದ ಚಹಾವನ್ನು ಚಾಪೆಗೆ ಹಾಕಿದ. ಎಲ್ಲರೂ ನಾಚಿಕೆ ಸ್ವಭಾವ ಎಂದು ನಕ್ಕರು. ನಾನು ನಗಲಿಲ್ಲ. ನನಗೆ ಗೊತ್ತಾಯಿತು: ಇವನಿಗೆ ಕತ್ತಲಾದರೆ ಕಾಣುವುದಿಲ್ಲ, ಇರುಳುಗಣ್ಣು. ಅವನ ತಂಗಿಯನ್ನು ನಾನು ಮಾಡಿಕೊಳ್ಳುತ್ತಿದ್ದೇನೆ, ಆ ತಂಗಿಯ ಅಪ್ಪ ನನ್ನ ಅವ್ವನ ತಮ್ಮ. ಇಷ್ಟೆಲ್ಲ ಕಂಡ ಬುದ್ಧಿವಂತ ಮುಂದೆ ಏನು ಮಾಡಬೇಕು? ಯೋಚಿಸಬೇಕು, ಕೇಳಬೇಕು, ಎದ್ದು ಬರಬೇಕು. ನಾನು ಮಾವನನ್ನು ಕೊಟ್ಟಿಗೆಯ ಹತ್ತಿರ ಕರೆದುಕೊಂಡು ಹೋದೆ.

ಅಲ್ಲಿ ಎರಡು ವರ್ಷದಿಂದ ನಿಂತ ಹಳೇ ಟ್ರ್ಯಾಕ್ಟರ್ ಒಂದಿತ್ತು. ನಾನು ಮಾವನಿಗೆ ಕೇಳಿದ್ದು ಒಂದೇ ಮಾತು: ಸಂಜೆಯಾದ ಮೇಲೆ ನಿನ್ನ ಮಗ ಹೊಲದಿಂದ ಹೇಗೆ ಬರುತ್ತಾನೆ? ಮಾವ ನೆಲ ನೋಡಿದ. ಬೇಕಾದದ್ದು ಹೇಳು, ಮಂದಿಯ ಮುಂದೆ ಮಾತ್ರ ಬಾಯಿ ಬಿಡಬೇಡ ಎಂದ. ನಾನು ಟ್ರ್ಯಾಕ್ಟರ್ ಕಡೆ ಕೈ ತೋರಿಸಿದೆ. ಲಗ್ನಕ್ಕೆ ಮೊದಲೇ ಅದರ ಎಂಜಿನ್ ಬಿಚ್ಚಿ ಕಟ್ಟಿದೆ, ಲಗ್ನವಾದ ಮೇಲೆ ಅದನ್ನು ಮಾರಿಯೇ ಯಾರ್ಡು ಶುರುವಾದದ್ದು. ಯಾರ ಕೈಯೂ ಹಿಡಿಯದೆ ಮೇಲೆ ಬಂದೆನಲ್ಲ, ಸರಿ. ಮಾವನ ಕೊರಳಪಟ್ಟಿ ಹಿಡಿದು ಬಂದದ್ದು.

ದೋಷ ಕಂಡುಹಿಡಿದರೆ ಬೆಲೆ ಇಳಿಯುತ್ತದೆ, ಇದು ನನ್ನ ಕಸುಬು. ಆದರೆ ಬೆಲೆ ಇಳಿಸಿದ ಮಾತ್ರಕ್ಕೆ ದೋಷ ಮಾರಿದವನ ಮನೆಯಲ್ಲೇ ಉಳಿಯುವುದಿಲ್ಲ, ಮಾಲಿನ ಜೊತೆಗೇ ನಮ್ಮ ಮನೆಗೆ ಬರುತ್ತದೆ. ಇದು ಗ್ಯಾರೇಜಿನಲ್ಲಿ ಒರೆಸುವ ಬಟ್ಟೆ ಹಿಡಿದವನಿಗೂ ಗೊತ್ತು. ನನಗೆ ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ಆ ಸಂಜೆ ಮಾವನ ಕಟ್ಟೆಯ ಮೇಲೆ ಹೆಳವರು ಕೂತಿದ್ದರು. ಲಗ್ನ ಗೊತ್ತಾದರೆ ಬರೆದುಕೊಳ್ಳಬೇಕಲ್ಲ. ಕೊಟ್ಟಿಗೆಗೂ ಕಟ್ಟೆಗೂ ನಡುವೆ ಜೋಳದ ಕಣಕಿಯ ಒಂದು ತಡಿಕೆ ಮಾತ್ರ ಇತ್ತು.

ಮೊದಲು ಮಗಳು ಹುಟ್ಟಿದಳು. ಆಮೇಲೆ ಮಗ. ಮಗನಿಗೆ ಏಳೆಂಟು ವರ್ಷವಾದಾಗ ಸಂಜೆ ಆಡಲು ಹೋಗುವುದನ್ನು ಬಿಟ್ಟ. ಅಂಗಡಿಗೆ ಕಳಿಸಿದರೆ ಬಾಗಿಲಲ್ಲೇ ನಿಲ್ಲುತ್ತಿದ್ದ. ನಾನು ಸೋಮಾರಿ ಎಂದು ಬೈದೆ, ಹಟಮಾರಿ ಎಂದು ಎರಡೇಟು ಹಾಕಿದೆ. ಅವನು ಒಂದು ಸಂಜೆ ನಿಂತ ಟ್ರೇಲರಿಗೆ ಹಣೆ ಬಡಿದುಕೊಂಡ ಮೇಲೆ ನನ್ನ ಬುದ್ಧಿ ಇನ್ನೊಂದು ಕಡೆ ಓಡಿತು. ವೆಲ್ಡಿಂಗ್ ಬೆಳಕು ನೋಡಿದ್ದಕ್ಕೆ ಎಂದೆ. ಟಿವಿ ಎಂದೆ. ಗಜ್ಜರಿ, ನುಗ್ಗೆ ಸೊಪ್ಪು, ಪಪ್ಪಾಯಿ, ಆಡಿನ ಲಿವರು ತಿನ್ನಿಸಿದೆ. ಮಗನ ಮುಖ ಕೆಂಪಗಾಯಿತು, ಸಂಜೆ ಮಾತ್ರ ಹಾಗೇ ಉಳಿಯಿತು.

ಕಲಬುರಗಿಯ ಕಣ್ಣಿನ ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ನೀವು ಗಂಡ ಹೆಂಡತಿ ಸಂಬಂಧಿಕರೋ ಎಂದು ಕೇಳಿದರು. ಹೌದ್ರಿ, ಖಾಸಾ ಸೋದರಮಾವನ ಮಗಳು, ಹೊರಗಿನವರಲ್ಲ ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ತಿಳಿಸಿ ಹೇಳಿದರು. ಅದನ್ನು ನನ್ನ ಭಾಷೆಗೆ ಇಳಿಸಿ ಹೇಳುತ್ತೇನೆ, ನಿಮಗೂ ಉಪಯೋಗಕ್ಕೆ ಬಂದೀತು. ಟ್ರ್ಯಾಕ್ಟರಿಗೆ ಎಡ ಬ್ರೇಕು, ಬಲ ಬ್ರೇಕು ಎಂದು ಎರಡಿರುತ್ತವೆ. ಮನುಷ್ಯನ ದೇಹದಲ್ಲೂ ಪ್ರತಿಯೊಂದು ಗುಣಕ್ಕೆ ಹೀಗೆ ಎರಡು. ಒಂದು ತಂದೆ ಕೊಟ್ಟದ್ದು, ಒಂದು ತಾಯಿ ಕೊಟ್ಟದ್ದು. ಇಂಥ ರೋಗಗಳಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದರಿಂದ ಗಾಡಿ ನಡೆಯುತ್ತದೆ, ಕೆಟ್ಟದ್ದು ಗೊತ್ತೇ ಆಗುವುದಿಲ್ಲ. ಎಲ್ಲರ ಒಳಗೂ ಹೀಗೆ ಏನಾದರೊಂದು ಕೆಟ್ಟದ್ದು ಇರುತ್ತದಂತೆ. ಹೊರಗಿನವರನ್ನು ಮಾಡಿಕೊಂಡರೆ ಇವರದು ಎಡಕ್ಕೆ ಕೆಟ್ಟಿದ್ದರೆ ಅವರದು ಬೇರೆಲ್ಲೋ ಕೆಟ್ಟಿರುತ್ತದೆ. ಒಂದೇ ಮುತ್ತಜ್ಜಿಯ ಮರಿಮಕ್ಕಳಾದರೆ ಇಬ್ಬರಲ್ಲೂ ಅದೇ ಜಾಗದಲ್ಲಿ ಅದೇ ಕೆಟ್ಟದ್ದು ಇರುವ ಸಂಭವ ಹೆಚ್ಚು. ಇಬ್ಬರೂ ಕೆಟ್ಟದ್ದನ್ನೇ ಕೊಟ್ಟರೆ ಮಗುವಿಗೆ ಎರಡೂ ಬ್ರೇಕಿಲ್ಲ. ಸಂಬಂಧದಲ್ಲಿ ಆದವರಿಗೆಲ್ಲ ಹೀಗಾಗುತ್ತದೆಂದಲ್ಲ. ಆದರೆ ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ನಾನು ಅಲ್ಲೂ ಚೌಕಾಸಿಗಿಳಿದೆ. ನಮಗೆ ಇರುವುದೇ ಎರಡು ಮಕ್ಕಳು, ನಾಲ್ಕಕ್ಕೆ ಒಂದಾದರೆ ನಮ್ಮ ಪಾಲಿಗೆ ಅರ್ಧವೇ ಬರಬೇಕಲ್ಲ ಎಂದೆ. ಡಾಕ್ಟರಮ್ಮ ನನ್ನ ಹೆಂಡತಿಯ ಕಡೆ ನೋಡಿದರು. ಹೆಂಡತಿ ಗೋಡೆಯ ಕಡೆ ನೋಡಿದಳು. ಮಗನ ಕಣ್ಣಿಗೆ ಇವತ್ತಿಗೆ ಔಷಧವಿಲ್ಲ, ಹಗಲಿನ ದೃಷ್ಟಿ ಇದ್ದಷ್ಟು ದಿನ ಓದು ಕೆಲಸ ಕಲಿಸಿ ಎಂದರು. ಏಳುವಾಗ ಇನ್ನೊಂದು ಮಾತು ಹೇಳಿದರು: ಮಗಳು ಚೆನ್ನಾಗಿದ್ದಾಳೆಂದರೂ ಅವಳೊಳಗೂ ಒಂದು ಕೆಟ್ಟದ್ದು ಇರಬಹುದು. ಅವಳನ್ನು ಮತ್ತೆ ಸಂಬಂಧದಲ್ಲಿ ಕೊಡಬೇಡಿ, ಕೊಡಲೇಬೇಕೆಂದರೆ ಮೊದಲು ಇಬ್ಬರ ರಕ್ತ ಪರೀಕ್ಷೆ ಮಾಡಿಸಿ.

ಮಗಳಿಗೆ ಇಪ್ಪತ್ತೊಂದಾದ ವರ್ಷ ಸುರಪುರದ ಅಕ್ಕ ಫೋನು ಮಾಡಿದಳು. ಅವಳ ಮಗ ಅಲ್ಲಿಯ ಕಚೇರಿಯೊಂದರಲ್ಲಿ ಕಂಪ್ಯೂಟರಿನ ಕೆಲಸಕ್ಕಿದ್ದ. ಹುಣ್ಣಿಮೆಯ ಮರುದಿನ ಬಂದು ಉಡಿ ತುಂಬುತ್ತೇನೆ, ಸೀರೆ ತಂದಾಯಿತು ಎಂದಳು. ಕೇಳಲಿಲ್ಲ, ಹೇಳಿದಳು. ಕೇಳುವುದೇನಿದೆ? ತಮ್ಮನ ಮಗಳ ಮೇಲೆ ಅಕ್ಕನಿಗೆ ಸೋದರಿಕೆಯ ಹಕ್ಕು. ಆ ಹುಡುಗ, ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಸಲಹೆಗಾರನಾದ ನಾನೂ ಕೇಳಿರಲಿಲ್ಲ.

ನಾನು ಒಲ್ಲೆ ಎನ್ನಬೇಕಿತ್ತು. ಬ್ಯಾಂಕಿನ ಜಪ್ತಿ ಅಧಿಕಾರಿಗಳಿಗೆ ಒಲ್ಲೆ ಎಂದವನು ನಾನು. ಅಕ್ಕನಿಗೆ ಎನ್ನಲು ಬಾಯಿ ಬರಲಿಲ್ಲ. ಐದು ವರ್ಷ ಅವಳ ಕೈ ರೊಟ್ಟಿ ತಿಂದಿದ್ದೆ. ನಿನ್ನ ಮಗನಿಗೆ ಕೊಡುವುದಿಲ್ಲ ಎಂದರೆ ಅವಳು ನನ್ನ ಹೊಸ್ತಿಲು ತುಳಿಯುವುದಿಲ್ಲ. ಕೊಟ್ಟರೆ, ಮಗಳ ಮಡಿಲಲ್ಲಿ ಇನ್ನೊಂದು ಮಗು ಸಂಜೆಯಾದೊಡನೆ ಬಾಗಿಲಲ್ಲಿ ನಿಲ್ಲಬಹುದು. ನಾಲ್ಕು ದಿನ ಲೆಕ್ಕ ಹಾಕಿ ನಾನೊಂದು ಉಪಾಯ ಕಂಡುಹಿಡಿದೆ. ಅದರ ಜಾಣತನಕ್ಕೆ ನಾನೇ ಮೆಚ್ಚಿ ತಲೆದೂಗಿದೆ.

ಹೆಳವರನ್ನು ಫೋನಿನಲ್ಲಿ ಕರೆಸಿದೆ. ಯಾರ್ಡಿನ ಮೂಲೆಗೆ ಕರೆದೊಯ್ದು ಹೇಳಿದೆ: ಅಕ್ಕ ಬಂದ ದಿನ ಪುಸ್ತಕ ಓದಿ. ಓದುತ್ತ ಓದುತ್ತ, ಅರೆ, ಈ ಎರಡು ಮನೆಯ ಬೆಡಗು ಹಿಂದೆ ಒಂದೇ ಇತ್ತಲ್ಲ, ಇವರು ಅಣ್ಣತಮ್ಮಂದಿರ ಮನೆತನ ಎಂದುಬಿಡಿ. ಅಷ್ಟಾದರೆ ಹುಡುಗ ಹುಡುಗಿ ಅಣ್ಣತಂಗಿ ಆಗುತ್ತಾರೆ, ಲಗ್ನ ತಾನೇ ನಿಲ್ಲುತ್ತದೆ. ಅಕ್ಕನಿಗೂ ಅವಮಾನವಿಲ್ಲ, ನನ್ನ ಮೇಲೂ ಬರುವುದಿಲ್ಲ. ಗಾಡಿಗೆ ಎರಡು ಹೊಸ ಟಾಯರು ಹಾಕಿಸುತ್ತೇನೆ.

ಹೆಳವರು ರುಮಾಲು ಸರಿಮಾಡಿಕೊಂಡರು.

"ಎರಡೂ ಮನಿ ಅಣ್ಣತಮ್ಮಂದಿರ್ದು ಅಂದ್ರ, ನಿಮ್ಮ ಅಕ್ಕಾರದೂ ಅವರ ಯಜಮಾನ್ರದೂ ಲಗ್ನ ಆಗಿ ಮೂವತ್ತು ವರ್ಷ ಆತಲ್ರಿ, ಅದೇನಾಗ್ತದ?"

ನಾನು ಅದನ್ನು ಯೋಚಿಸಿರಲಿಲ್ಲ. ಮಗಳ ಲಗ್ನ ತಪ್ಪಿಸಲು ಹೋಗಿ ಅಕ್ಕ ಭಾವನನ್ನೇ ಅಣ್ಣತಂಗಿ ಮಾಡಿಬಿಡುತ್ತಿದ್ದೆ. ಇಂಥ ತಲೆಯ ಸಲಹೆ ಕೇಳಿ ಜನ ಬೋರ್‌ವೆಲ್ ಹೊಡೆಸುತ್ತಾರೆ.

"ಸುಳ್ಳು ಹುಡುಕಾಕ ಯಾಕ ತ್ರಾಸ ತಗೋತೀರಿ ಸಾವ್ಕಾರ್ರ. ಇದಕ್ಕ ಖರೇದ ಸಾಕಾಗ್ತದ. ಆದ್ರ ಖರೇದು ಓದಾಕ ಕುಂತ್ರ ಎಲ್ಲಾ ಓದ್ಬೇಕಾಗ್ತದ್ರಿ. ನಡುವ ಬಿಟ್ಟು ಓದಂಗಿಲ್ಲ."

ವ್ಯಾಪಾರಿಯ ಕಿವಿಗೆ ಷರತ್ತು ಮೊದಲು ಕೇಳಿಸಬೇಕು. ನನಗೆ 'ಸಾಕಾಗ್ತದ' ಎಂಬುದಷ್ಟೇ ಕೇಳಿಸಿತು. ಆಗಲಿ ಎಂದೆ.

ಆ ದಿನ ಅಕ್ಕ, ಭಾವ ಬೆಳಗಿನ ಬಸ್ಸಿಗೆ ಬಂದರು. ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಅಕ್ಕ ಸೀರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನನ್ನ ಹೆಂಡತಿ ಒಳಬಾಗಿಲ ಹತ್ತಿರ, ಮಗಳು ಅವಳ ಹಿಂದೆ, ಮಗ ಮೆಟ್ಟಿಲ ಮೇಲೆ. ಹೆಳವರು ಕಾಲು ಮಡಿಚಿ ನಮ್ಮ ಮನೆಯ ಗಂಡಸರನ್ನು ಓದಿದರು, ಭಾವನ ಮನೆಯ ಗಂಡಸರನ್ನು ಓದಿದರು. ಅಕ್ಕ ಖುಷಿಯಿಂದ ಮೊರ ತುಂಬ ಜೋಳ ತರಲು ಏಳುತ್ತಿದ್ದಳು. ಕೂಡ್ರಿ ಯವ್ವಾ, ಇನ್ನೂ ಮುಗಿದಿಲ್ಲ ಎಂದರು. ಪುಸ್ತಕವನ್ನು ಅಡ್ಡ ತಿರುಗಿಸಿದರು. ಅವರು ಬದಿಯಲ್ಲಿ ಬರೆದದ್ದನ್ನು ಓದುವುದನ್ನು ನಾವು ಅಂದೇ ಮೊದಲು ಕೇಳಿದ್ದು.

ದ್ಯಾವಮ್ಮ ಎಂಬ ಹೆಸರು ಬಂತು. ನನ್ನ ಅವ್ವನಿಗೂ ವಡಗೇರಾದ ಮಾವನಿಗೂ ಅವಳು ಅಜ್ಜಿ. ಪುಟ ತಿರುವಿದರು, ಮತ್ತೆ ದ್ಯಾವಮ್ಮ: ಮಾವ ತನ್ನ ಇನ್ನೊಬ್ಬ ಅಕ್ಕನ ಮಗಳನ್ನೇ ಮಾಡಿಕೊಂಡಿದ್ದ, ಆ ದಾರಿಯಿಂದಲೂ ಅವಳೇ. ಇನ್ನೊಂದು ಪುಟ, ಮತ್ತೆ ದ್ಯಾವಮ್ಮ: ಅವಳ ಮಗಳೊಬ್ಬಳನ್ನು ಸುರಪುರಕ್ಕೆ ಕೊಟ್ಟಿದ್ದರು, ನಮ್ಮ ಭಾವ ಆ ಮಗಳ ಮೊಮ್ಮಗ.

"ಬೆಡಗು ಮೂರು ಅವ. ಆಕಿ ಒಬ್ಬಾಕಿನ ಅದಾಳ, ಮೂರೂ ಮನ್ಯಾಗ" ಎಂದರು. "ಈ ಹುಡುಗಗ ಈ ಹುಡುಗಿ ಕೊಟ್ರ ನಾಕನೇ ಸರ್ತಿ ಆಕೀನ ಬರೀಬೇಕಾಗ್ತದ."

ದ್ಯಾವಮ್ಮನಿಂದ ಇಳಿದ ಕೆಲವು ಹೆಸರುಗಳ ಪಕ್ಕದಲ್ಲಿ ಶಾಯಿಯ ಕರಿ ಚುಕ್ಕೆಗಳಿದ್ದವು. ಒಂದು ನನ್ನ ಮಗನದು. ಒಂದು ನನ್ನ ಹೆಂಡತಿಯ ಅಣ್ಣನದು. ಮೂರನೆಯದು ಭಾವನ ಕಾಕಾನದು. ಆ ಕಾಕಾ ಹೊತ್ತು ಮುಳುಗುವಾಗ ಹೊಲದ ಬಾವಿಗೆ ಬಿದ್ದು ಸತ್ತಿದ್ದ. ಕುಡಿದು ಬಿದ್ದ ಎಂದು ಊರೆಲ್ಲ ಹೇಳುತ್ತಿತ್ತು, ನಾನೂ ಹೇಳಿದ್ದೆ. ಹೆಳವರು ಅವನ ಹೆಂಡತಿಯನ್ನು ಕೇಳಿ ಬರೆದುಕೊಂಡದ್ದನ್ನು ಓದಿದರು: ಸಂಜೆ ಆದ ಮೇಲೆ ಕಾಣುತ್ತಿರಲಿಲ್ಲ, ಮನೆಯವರ ಮಾನಕ್ಕೆ ಅಂಜಿ ಯಾರಿಗೂ ಹೇಳಿರಲಿಲ್ಲ.

ಭಾವ ಕಡಿಮೆ ಮಾತಿನ ಮನುಷ್ಯ. ಎದ್ದು ಹೋಗುತ್ತಾನೆಂದು ನಾನು ಅವನ ಚಪ್ಪಲಿ ನೋಡುತ್ತಿದ್ದೆ. ಅವನು ಮುಖ ಒರೆಸಿಕೊಂಡ.

"ನಮ್ಮ ಕಾಕಾ ಕುಡೀತಿದ್ದಿಲ್ರಿ. ನಾ ಹೇಳಿದ್ರ ಯಾರೂ ನಂಬಲಿಲ್ಲ."

"ಬರ್ದೀನ್ರಿ" ಎಂದರು ಹೆಳವರು. "ಕುಡೀತಿದ್ದಿಲ್ಲ ಅಂತನೂ ಬರ್ದೀನಿ."

ಇಲ್ಲಿಗೆ ಮುಗಿದಿದ್ದರೆ ನನ್ನ ವ್ಯವಹಾರ ಲಾಭದಲ್ಲೇ ಇತ್ತು. ಅವರು ಇನ್ನೊಮ್ಮೆ ಪುಟ ತಿರುವಿ ನನ್ನ ಲಗ್ನದ ಸಾಲಿಗೆ ಬಂದರು. ನಾನು ಕೆಮ್ಮಿದೆ. ಅವರು ಪುಟದೊಳಗೆ ಬೆರಳಿಟ್ಟು ಪುಸ್ತಕ ಮುಚ್ಚಿ ನನ್ನ ಕೆಮ್ಮು ಮುಗಿಯುವವರೆಗೆ ಕಾದರು. ಎಷ್ಟು ಹೊತ್ತು ಕೆಮ್ಮಲು ಸಾಧ್ಯ? ಆಮೇಲೆ ಹುಟ್ಟು ಸಾವು ಓದುವ ಅದೇ ಧ್ವನಿಯಲ್ಲಿ ಓದಿದರು.

"ಈ ಲಗ್ನಕ್ಕ ಟ್ರ್ಯಾಕ್ಟರ್ ಒಂದು. ಹುಡುಗಿ ಅಣ್ಣನ ಕಣ್ಣಿನ ಸಲುವಾಗಿ. ಹುಡುಗಗ ಗೊತ್ತಿತ್ತು."

ನಾನು ಹೆಂಡತಿಯ ಕಡೆ ತಿರುಗಿ ಏನೋ ವಿವರಿಸಲು ಹೋದೆ. ಅವಳು ಕೈ ಎತ್ತಿದಳು.

"ನಂಗ ಆವತ್ತ ಗೊತ್ತಿತ್ತು. ಲಗ್ನದ ಮಂದಿ ಎಲ್ಲಾ ಅದೇ ಟ್ರ್ಯಾಕ್ಟರ್ ಹತ್ತಿ ಹಾಡ್ಕೋತ ಬಂದ್ರಿ. ನಮ್ಮಪ್ಪ ಕೊಟ್ಟಿಗ್ಯಾಗ ಖಾಲಿ ಜಾಗ ನೋಡ್ಕೋತ ನಿಂತಿದ್ದ."

ಇಪ್ಪತ್ತೆರಡು ವರ್ಷ ಅವಳು ಇದನ್ನು ಇಟ್ಟುಕೊಂಡು ನನಗೆ ರೊಟ್ಟಿ ಬಡಿದಿದ್ದಳು. ನಾನು ಗಿರಾಕಿಗಳ ಮುಂದೆ ಯಾರ ಕೈಯೂ ಹಿಡಿಯದೆ ಎನ್ನುವಾಗೆಲ್ಲ ಒಳಗೆ ಪಾತ್ರೆ ಜೋರಾಗಿ ಇಡುತ್ತಿದ್ದಳು. ನಾನು ಅದನ್ನು ಕೆಲಸದವಳ ಮೇಲಿನ ಸಿಟ್ಟು ಎಂದುಕೊಂಡಿದ್ದೆ.

ಮುಂದೆ ಮಾತಾಡಿದವನು ಮೆಟ್ಟಿಲ ಮೇಲಿದ್ದ ನನ್ನ ಮಗ.

"ಹಂಗಾದ್ರ ಅಪ್ಪಾ, ಅಕ್ಕನ ಲಗ್ನದಾಗ ನನ್ನ ಕಣ್ಣಿಗೂ ಒಂದು ಟ್ರ್ಯಾಕ್ಟರ್ ಕೇಳ್ತಾರೇನು? ಯಾರ್ಡಿನ ಹಿಂದ ಬಿದ್ದ ಆ ಗೇರ್ ಹೋದದ್ದು ಕೊಟ್ಟುಬಿಡು."

ಮೊದಲು ನಕ್ಕವಳು ಅಕ್ಕ. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಂಗ ಇಷ್ಟು ಹೇಳಾಕ ನಿಂಗ ಹೆಳವ್ರು ಬೇಕಾದ್ರೇನೋ? ನಿನ್ನ ಬಾಯಿಗೇನಾಗಿತ್ತು?"

ಅಕ್ಕ ಮಗಳನ್ನು ಹತ್ತಿರ ಕರೆದು ಕೂರಿಸಿ, ಸೀರೆ ತೆಗೆದು ಉಡಿಗೆ ಹಾಕಿದಳು. ವಾಪಸ್ ಒಯ್ದರೆ ಬಸ್ಸಿನಲ್ಲಿ ಮಂದಿ ಕೇಳುತ್ತಾರೆ, ಸೋದರತ್ತೆ ಕೊಟ್ಟಳೆಂದು ಉಡು, ನಿನ್ನ ಲಗ್ನಕ್ಕೂ ಇದನ್ನೇ ಉಟ್ಟುಕೋ ಎಂದಳು. ಮಗಳು ಬಾಗಿ ನಮಸ್ಕರಿಸಿದಾಗ ಅವಳ ಭುಜ ಸಡಿಲಾದದ್ದನ್ನು ಕಂಡೆ. ಯಾರಾದರೂ ಮೊದಲೇ ಕೇಳಿದ್ದರೆ ಅವಳು ಒಲ್ಲೆ ಎಂದು ಹೇಳುತ್ತಿದ್ದಳು.

ಆಮೇಲೆ ಮುದನಾಳದ ಕಡೆಯಿಂದ ಒಂದು ಸಂಬಂಧ ಬಂತು, ನಮಗೆ ಯಾವ ದಾರಿಯಿಂದಲೂ ಕಳ್ಳುಬಳ್ಳಿಯಲ್ಲದ್ದು. ಆ ಮನೆ ನಮ್ಮ ಹೆಳವರ ಪುಸ್ತಕದಲ್ಲಿರಲಿಲ್ಲ, ಬೇರೆ ಹೆಳವರ ಪಾಲಿನದು. ನಾನು ಕೇಳದಿದ್ದರೂ ಅವರು ಆ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗಿ, ಇಬ್ಬರೂ ಪುಸ್ತಕ ಎದುರುಬದುರು ಇಟ್ಟು ನೋಡಿ, ದ್ಯಾವಮ್ಮ ಅಲ್ಲಿಗೆ ಹೋಗಿಲ್ಲ ಎಂದು ಫೋನು ಮಾಡಿದರು. ನಾನೂ ಸುಮ್ಮನಿರಲಿಲ್ಲ. ಹುಡುಗನನ್ನು ನೋಡಲು ಬೇಕೆಂದೇ ಸಂಜೆ ಹೋದೆ. ಅಂಗಳದ ಮಬ್ಬಿನಲ್ಲಿ ಗಾಡಿಯ ಕೀಲಿ ನಾಲ್ಕು ಸಲ ಬೀಳಿಸಿದೆ. ಹುಡುಗ ನಾಲ್ಕು ಸಲವೂ ಒಮ್ಮೆಗೇ ಎತ್ತಿಕೊಟ್ಟ. ಬೀಗರಿಗೆ ನನ್ನ ಕೈ ನಡುಗುವ ರೋಗದ ಮೇಲೆ ಇವತ್ತಿಗೂ ಮರುಕವಿದೆ. ಗಂಡು ನೋಡಲು ಹೊತ್ತು ಮುಳುಗುವಾಗ ಹೋಗಿ. ಇದೂ ಪುಕ್ಕಟೆ ಸಲಹೆ. ಆದರೆ ಅದಕ್ಕಿಂತ ಮೊದಲು ನಿಮ್ಮ ಮನೆಯ ಮುದುಕಿಯರನ್ನು ಕೂರಿಸಿಕೊಂಡು ಅವರ ತಾಯಂದಿರ ಹೆಸರು ಕೇಳಿ.

ಈ ಸುಗ್ಗಿಯಲ್ಲಿ ಅದೇ ಗಂಟೆ ಕೇಳಿಸಿತು. ಗಾಡಿ ಅದೇ, ಸವಾರ ಬೇರೆ. ಹೆಳವರ ಮಗ ಅಪ್ಪನಷ್ಟೇ ತೆಳ್ಳಗಿದ್ದಾರೆ. ತಂದೆ ಹೋದದ್ದನ್ನು ಎರಡೇ ಮಾತಿನಲ್ಲಿ ಹೇಳಿದರು. ಹಳೇ ಪುಸ್ತಕ ಜೀರ್ಣವಾಗಿತ್ತು, ಹೊಸದಕ್ಕೆ ಇಳಿಸಿಕೊಳ್ಳುತ್ತಿದ್ದರು. ಎಲ್ಲ ಮನೆಗಳದೂ ಇದ್ದದ್ದು ಇದ್ದಂತೆ ಇಳಿಸು, ಶಹಾಪುರದ ಸಾವ್ಕಾರರ ಟ್ರ್ಯಾಕ್ಟರ್ ಸಾಲೊಂದನ್ನು ಮಾತ್ರ ಅವರನ್ನು ಕೇಳಿ ಬರೆ, ಬೇಡ ಎಂದರೆ ಬಿಡು ಎಂದು ತಂದೆ ಹೇಳಿ ಹೋಗಿದ್ದರಂತೆ. ಯಾರಿಗೂ ಒಂದಕ್ಷರ ಬಿಟ್ಟುಕೊಡದ ಮನುಷ್ಯ ನನಗೆ ಒಂದು ಸಾಲು ಬಿಟ್ಟುಕೊಟ್ಟಿದ್ದರು.

ಸಾಯಂಕಾಲ ಐದಾಗಿತ್ತು. ಯಾರ್ಡಿನ ಲೆಕ್ಕ ಈಗ ನನ್ನ ಮಗನೇ ನೋಡುತ್ತಾನೆ. ಅವನು ಬೆಳಕಿರುವಾಗ ಮನೆ ಮುಟ್ಟಲೆಂದು ನಾವು ಐದಕ್ಕೆ ಗೇಟು ಹಾಕುತ್ತೇವೆ. ಗಿರಾಕಿಗಳಿಗೆ ನಾನು ಶಿಸ್ತು ಎಂದು ಹೇಳಿಕೊಂಡಿದ್ದೇನೆ. ಗೇಟು ಹಾಕಿ ಅಪ್ಪ ಮಗ ಮನೆಗೆ ಬಂದಾಗ ಹೊಸ ಹೆಳವರು ಪಡಸಾಲೆಯಲ್ಲಿ ಬಿಳಿ ಪುಟ ಬಿಚ್ಚಿಟ್ಟು ಕಾಯುತ್ತಿದ್ದರು. ಸಾಲು ಬೇಡ ಎಂದರೆ ಮುಗಿಯುತ್ತಿತ್ತು. ನನ್ನ ನಾಲಿಗೆ ಹಳೇ ಚಾಳಿಗೆ ಬಿತ್ತು. ಟ್ರ್ಯಾಕ್ಟರ್ ಎನ್ನುವ ಬದಲು ಉಡುಗೊರೆ ಎಂದು ಬರೆದರೆ ಹೇಗೆ, ಗಾಡಿಯ ಟಾಯರು ಸವೆದಿವೆಯಲ್ಲ ಎಂದೆ. ಅವರು ಬಲಗಾಲು ಮಡಿಚಿ ಅಡಿಗೆ ಹಾಕಿಕೊಂಡರು.

ಅಡುಗೆಮನೆಯಿಂದ ಹೆಂಡತಿ ಬಂದಳು.

"ಬರಕೋ ತಮ್ಮಾ. ಟ್ರ್ಯಾಕ್ಟರ್ ನಮ್ಮಪ್ಪಂದು. ಇದ್ದದ್ದು ಇದ್ದಂಗ ಬರಕೋ." ಸ್ವಲ್ಪ ತಡೆದು ಪುಟ ನೋಡಿದಳು. "ಈ ಪುಟ ಹೊಸಾದಲ್ಲ? ನನ್ನ ಹೆಸರು ಬದೀಗೆ ಬ್ಯಾಡ. ನಡುವ ಬರಿ."

ಅವರು ನನ್ನ ಕಡೆ ನೋಡಿದರು. ಮನೆಯ ಯಜಮಾನನನ್ನು ಎಲ್ಲಿ ಬರೆಯಬೇಕೆಂದು ಕೇಳುವ ನೋಟ ಅದು. ಈ ಮನೆಯಲ್ಲಿ ನಾನು ಚೌಕಾಸಿ ಮಾಡದೆ ಒಪ್ಪಿಕೊಂಡ ಮೊದಲ ಮಾತು ಆಗ ಬಾಯಿಂದ ಬಂತು: ಜಾಗ ಉಳಿದರೆ ಬದಿಗೆ ಬರೆದುಕೋ ಎಂದೆ.

ಹೆಳವರ ಹೊಸ ಪುಸ್ತಕದಲ್ಲಿ ನಮ್ಮ ಮನೆಯ ಪುಟ ಯಾರಾದರೂ ತೆಗೆದರೆ ನಡುವೆ ಅವಳಿದ್ದಾಳೆ, ಅವಳ ಕೆಳಗೆ ಮಕ್ಕಳು, ಮಗನ ಪಕ್ಕದಲ್ಲಿ ಕರಿ ಚುಕ್ಕೆ. ನಾನು ಅಂಚಿನಲ್ಲಿ ಅಡ್ಡ ಇದ್ದೇನೆ, ಟ್ರ್ಯಾಕ್ಟರ್ ಸಮೇತ. ನನ್ನನ್ನು ಓದಬೇಕೆಂದರೆ ಪುಸ್ತಕ ತಿರುಗಿಸಬೇಕು.